ಯಶವಂತಪುರದಿಂದ ಪುರಕ್ಕೆ

ಮೆಟ್ರೋದ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ ಕಡೆಗೆ ಹೊರಟರೆ ಯಶವಂತಪುರದ ಮುಂದಿನ ನಿಲ್ದಾಣ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಆ ಸೋಪಿನ ಪರಿಮಳದ ಮೂಲ ಇರುವುದು ಯಶವಂತಪುರದ ಇನ್ನೊಂದು ಮಗ್ಗುಲಲ್ಲಿ, ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಮೊದಲ ಮಹಾಯುದ್ಧ ಶುರುವಾಗಿ ಮೈಸೂರಿನ ಶ್ರೀಗಂಧ ಯುರೋಪಿಗೆ ಹೋಗುವುದು ನಿಂತಾಗ, 1916ರ ಸುಮಾರಿಗೆ ಗಂಧದೆಣ್ಣೆಯನ್ನು ಇಲ್ಲಿಯೇ ಬಟ್ಟಿ ಇಳಿಸುವ ಕೆಲಸವನ್ನು ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಕೈಗೆತ್ತಿಕೊಂಡರು. ಆ ಎಣ್ಣೆಯಿಂದ ಸೋಪು ಮಾಡಿದವರು ‘ಸೋಪ್ ಶಾಸ್ತ್ರಿ’ ಎಂದೇ ಹೆಸರಾದ ಎಸ್. ಜಿ. ಶಾಸ್ತ್ರಿಗಳು. ಪ್ರಯೋಗಾಲಯದಿಂದ ಹೊರಟದ್ದು ಕಾರ್ಖಾನೆಯಾಯಿತು, ಅಂಗಡಿ ಸೇರಿತು, ಕಡೆಗೆ ಒಂದು ನಿಲ್ದಾಣಕ್ಕೂ ಹೆಸರಾಯಿತು. ವಿಜ್ಞಾನದಿಂದ ನಾಡಿಗೆ ಏನು ಲಾಭ ಎಂದು ಕೇಳುವವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಅದೇ ಕಾಂಪೌಂಡಿನಿಂದ ಸುಮಾರು ಅರವತ್ತು ವರ್ಷಗಳ ನಂತರ ಇನ್ನೊಂದು ಕೆಲಸ ಹೊರಟಿತು. ಅದು ತುಮಕೂರು ರಸ್ತೆ ಹಿಡಿದು ನೆಲಮಂಗಲ ದಾಟಿ ಕುಣಿಗಲ್ ಸೀಮೆಯ ಹಳ್ಳಿಗಳಿಗೆ ಹೋಯಿತು. ಅದರ ಹೆಸರಿನಲ್ಲಿ ಯಾವ ನಿಲ್ದಾಣವೂ ಇಲ್ಲ. ಐವತ್ತು ದಾಟಿದ ಹಳ್ಳಿ ಹೆಂಗಸರನ್ನು ಕೇಳಿದರೆ ಮಾತ್ರ ಕೆಲವರಾದರೂ ‘ಅಸ್ತ್ರ ಒಲೆಯಾ? ನಮ್ಮನೇಲೂ ಇತ್ತು’ ಎನ್ನುತ್ತಾರೆ. ನಾನು ಹೇಳಹೊರಟಿರುವುದು ಆ ಒಲೆಯ ಮತ್ತು ಅದರ ಹಿಂದಿದ್ದ ಲೆಕ್ಕಾಚಾರದ ಕಥೆ.

ಕಥೆಯ ಕೇಂದ್ರದಲ್ಲಿರುವವರು ಅಮೂಲ್ಯ ರೆಡ್ಡಿ. 1930ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, ಲಂಡನ್ನಿನಲ್ಲಿ ಡಾಕ್ಟರೇಟ್ ಮಾಡಿ, ಅಮೆರಿಕದಲ್ಲಿ ಕೆಲಸ ಮಾಡಿ ಬಂದವರು. ಬೋಕ್ರಿಸ್ ಜೊತೆಗೂಡಿ ಅವರು ಬರೆದ ‘ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ’ 1970ರಲ್ಲಿ ಹೊರಬಂದು ಜಗತ್ತಿನ ವಿಶ್ವವಿದ್ಯಾಲಯಗಳಲ್ಲೆಲ್ಲ ಪಠ್ಯವಾಯಿತು. ಅಷ್ಟು ಹೆಸರು ಮಾಡಿದ ಮೇಲೆ ಹಾಯಾಗಿ ಎಲೆಕ್ಟ್ರೋಡುಗಳ ನಡುವೆ ಇದ್ದುಬಿಡಬಹುದಿತ್ತು. ಅವರು ಸಗಣಿಗೆ ಕೈಹಾಕಿದರು. 1974ರಲ್ಲಿ, ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ತಂತ್ರಜ್ಞಾನಗಳನ್ನು ಅನ್ವಯಿಸುವ ಒಂದು ಘಟಕ ಸಂಸ್ಥೆಯಲ್ಲಿ ಶುರುವಾಯಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಅಸ್ತ್ರ’. ಆಗ ನಿರ್ದೇಶಕರಾಗಿದ್ದವರು ಸತೀಶ್ ಧವನ್. ಒಂದು ಕೈಯಲ್ಲಿ ಇಸ್ರೋದ ರಾಕೆಟ್ಟು, ಇನ್ನೊಂದು ಕೈಯಲ್ಲಿ ಈ ಅಸ್ತ್ರ. ಎರಡನ್ನೂ ಒಬ್ಬರೇ ಪೋಷಿಸಿದ ಕಾಲ ಅದು ಎಂದು ನೆನೆದರೆ ಇಂದು ಆಶ್ಚರ್ಯವಾಗುತ್ತದೆ.

ಗೋಬರ್ ಗ್ಯಾಸ್ ಹೊಸದೇನಾಗಿರಲಿಲ್ಲ. ಖಾದಿ ಆಯೋಗ ಆ ಹೊತ್ತಿಗಾಗಲೇ ಸ್ಥಾವರಗಳನ್ನು ಹಂಚುತ್ತಿತ್ತು. ಹೊಸದಾಗಿದ್ದುದು ರೆಡ್ಡಿಯವರು ಮತ್ತು ಸಂಗಡಿಗರು ಅದನ್ನು ನೋಡಿದ ಬಗೆ. 1973ರ ತೈಲ ಬಿಕ್ಕಟ್ಟಿನಿಂದ ಗೊಬ್ಬರದ ಬೆಲೆ ಆಕಾಶಕ್ಕೇರಿದ್ದ ದಿನಗಳಲ್ಲಿ ಅವರೊಂದು ಲೆಕ್ಕ ಮುಂದಿಟ್ಟರು. ವರ್ಷಕ್ಕೆ 2,30,000 ಟನ್ ಸಾರಜನಕ ಕೊಡುವ ಒಂದು ದೊಡ್ಡ ರಸಗೊಬ್ಬರ ಕಾರ್ಖಾನೆ ಕಟ್ಟಬೇಕೋ, ಅಷ್ಟೇ ಸಾರಜನಕ ಕೊಡುವ 26,150 ಹಳ್ಳಿಯ ಗೋಬರ್ ಗ್ಯಾಸ್ ಸ್ಥಾವರಗಳನ್ನು ಕಟ್ಟಬೇಕೋ? ಕಾರ್ಖಾನೆ ಕೆಲಸ ಕೊಡುವುದು ಸಾವಿರ ಜನಕ್ಕೆ. ಹಳ್ಳಿಯ ಸ್ಥಾವರಗಳು ಕೊಡುವುದು 1,30,750 ಜನಕ್ಕೆ. ಕಾರ್ಖಾನೆ ವಿದ್ಯುತ್ತನ್ನು ನುಂಗುತ್ತದೆ, ಸ್ಥಾವರಗಳು ಶಕ್ತಿಯನ್ನು ಕೊಡುತ್ತವೆ. ಕಾಗದದ ಮೇಲೆ ಈ ಲೆಕ್ಕಕ್ಕೆ ಎದುರಿರಲಿಲ್ಲ. ಆದರೆ ಕಾಗದದ ಲೆಕ್ಕ ಹಳ್ಳಿಯ ಓಣಿಯಲ್ಲಿ ನಡೆಯುವುದೇ ಎಂದು ನೋಡಲು ಹಳ್ಳಿಗೇ ಹೋಗಬೇಕಿತ್ತು. ಬೆಂಗಳೂರಿನಿಂದ ನೂರು ಕಿಲೋಮೀಟರಿನಷ್ಟು ದೂರದ ಉಂಗ್ರದಲ್ಲಿ ಅಸ್ತ್ರದ ವಿಸ್ತರಣಾ ಕೇಂದ್ರ ತೆರೆಯಿತು.

ಅಲ್ಲಿ ಅವರು ಮೊದಲು ಯಂತ್ರ ಕಟ್ಟಲಿಲ್ಲ, ಎಣಿಸಿದರು. ಉಂಗ್ರ, ಪುರ, ಅರ್ಜುನಹಳ್ಳಿ, ಹಂಚಿಪುರ, ಕೀಲಾರ, ಸುಗ್ಗೇನಹಳ್ಳಿ ಎಂಬ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾವ ಒಲೆಗೆ ಎಷ್ಟು ಸೌದೆ, ಎಷ್ಟು ಕೊಡ ನೀರು, ಎತ್ತು ಎಷ್ಟು ಹೊತ್ತು ಉತ್ತಿತು, ಯಾರು ಎಷ್ಟು ದೂರ ನಡೆದರು ಎಂದು ಬರೆದುಕೊಂಡರು. ನಮ್ಮ ನಾಡಿನ ಸಮಾಜ ವಿಜ್ಞಾನದಲ್ಲಿ ಇಷ್ಟು ತಾಳ್ಮೆಯ ಕೆಲಸ ಅಪರೂಪವೆಂದೇ ನನ್ನ ಅನಿಸಿಕೆ. ಉತ್ತರಗಳು ಗೊತ್ತಿದ್ದವೇ, ಆದರೆ ಯಾರೂ ಅಂಕಿಯಲ್ಲಿ ಬರೆದಿರಲಿಲ್ಲ. ಹಳ್ಳಿಯ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಬರುವುದು ಸೌದೆಯಿಂದ. ಅದರ ಬಹುಪಾಲು ಅಡುಗೆ ಮತ್ತು ಸ್ನಾನದ ನೀರಿಗೆ. ಮನುಷ್ಯರ ದುಡಿಮೆಯನ್ನು ಪಾಲು ಮಾಡಿದರೆ ನೂರರಲ್ಲಿ ಗಂಡಸರದು 31, ಹೆಂಗಸರದು 53, ಮಕ್ಕಳದು 16. ದೇಶದ ಇಂಧನ ನೀತಿ ಎಂದರೆ ಕಲ್ಲಿದ್ದಲು, ಪೆಟ್ರೋಲು, ಅಣೆಕಟ್ಟು ಎಂದುಕೊಂಡಿದ್ದ ಕಾಲದಲ್ಲಿ, ಹಳ್ಳಿಯ ಇಂಧನ ಇಲಾಖೆ ನಡೆಯುತ್ತಿರುವುದು ಹೆಂಗಸರ ಮತ್ತು ಮಕ್ಕಳ ತಲೆಯ ಮೇಲೆ ಎಂದು ತೋರಿಸಿಕೊಟ್ಟ ಅಂಕಿಗಳು ಇವು.

ಇನ್ನೊಂದು ಅಂಕಿಯೂ ಇದೆ. ಪುರದಲ್ಲಿ ಉರಿಯುವ ಸೌದೆಯಲ್ಲಿ ದುಡ್ಡು ಕೊಟ್ಟು ಕೊಂಡದ್ದು ನೂರಕ್ಕೆ ನಾಲ್ಕು ಪಾಲು ಮಾತ್ರ. ಉಳಿದದ್ದೆಲ್ಲ ಆಯ್ದು ತಂದದ್ದು: ಪುಳ್ಳೆ, ಒಣಗಿದ ರೆಂಬೆ, ಬೇಲಿಯ ಕಡ್ಡಿ. ಹಳ್ಳಿಯವರು ಅಡುಗೆಗೆ ಮರ ಕಡಿಯುವುದರಿಂದಲೇ ಕಾಡು ಹಾಳಾಗುತ್ತಿದೆ ಎಂಬುದು ಆಗಿನ ಕಚೇರಿಗಳಲ್ಲಿ ಬಲವಾದ ನಂಬಿಕೆ. ಇಂದಿಗೂ ಪೂರ್ತಿ ಹೋಗಿಲ್ಲ. ಆಯ್ದ ಪುಳ್ಳೆಗೆ ಮರ ಬೀಳಬೇಕಿಲ್ಲ. ಮರ ಬೀಳುವುದು ದಿಮ್ಮಿ ಬೇಕಾದವರಿಗೆ. ದಿಮ್ಮಿ ಬೇಕಾದವರು ಯಾರು? ಮುಂದೆ ಬೆಂಗಳೂರಿನ ಮನೆಗಳ ಇಂಧನವನ್ನೂ ಅಧ್ಯಯನ ಮಾಡಿದಾಗ ಉತ್ತರ ಸಿಕ್ಕಿತು. ಬಡವರ ಬೀದಿಗಳಲ್ಲಿ, ಹೋಟೆಲುಗಳಲ್ಲಿ, ಕಲ್ಯಾಣ ಮಂಟಪಗಳಲ್ಲಿ ಉರಿಯುತ್ತಿದ್ದುದು ಲಾರಿಯಲ್ಲಿ ಬಂದ ಸೌದೆ. ಸೌದೆ ಡಿಪೋ ಇಲ್ಲದ ಬಡಾವಣೆ ಆಗ ಬೆಂಗಳೂರಿನಲ್ಲಿ ಇರಲಿಲ್ಲ. ಆದ್ದರಿಂದ ಕಾಡು ಉಳಿಸಬೇಕಾದರೆ ಪಟ್ಟಣದ ಬಡವರಿಗೆ ಸೀಮೆಎಣ್ಣೆ, ಗ್ಯಾಸು ಕೊಡಿ ಎಂಬುದು ರೆಡ್ಡಿಯವರ ವಾದವಾಯಿತು. ಪುಳ್ಳೆ ಆಯುವ ಹೆಂಗಸನ್ನು ಕಟಕಟೆಯಿಂದ ಇಳಿಸಿದ ಲೆಕ್ಕ ಇದು.

ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಅದೇ ಕ್ಯಾಂಪಸ್ಸಿನ ಮಾಧವ ಗಾಡ್ಗೀಳರು ಉತ್ತರ ಕನ್ನಡದ ಬಿದಿರಿನ ಕಡೆಯಿಂದ ಇಂಥದೇ ಮಾತಿಗೆ ಬಂದು ಮುಟ್ಟಿದ್ದರು ಎಂಬುದನ್ನು ಇಲ್ಲಿ ಹೇಳದಿರಲಾರೆ. ಬಿದಿರು ಬರಿದಾಗುತ್ತಿರುವುದಕ್ಕೆ ಹಳ್ಳಿಗರನ್ನೂ ಅವರ ದನಗಳನ್ನೂ ದೂರುತ್ತಿದ್ದರು. ಬುಟ್ಟಿ ಹೆಣೆಯುವ ಮೇದರು ಸಂತೆಯ ಬೆಲೆ ತೆತ್ತು ಬಿದಿರು ಕೊಳ್ಳುತ್ತಿದ್ದಾಗ ಕಾಗದದ ಗಿರಣಿಗೆ ಅದು ಟನ್ನಿಗೆ ಒಂದೂವರೆ ರೂಪಾಯಿಗೆ ಸಿಗುತ್ತಿತ್ತು. ಇನ್ನೊಂದು ವಿಚಿತ್ರವನ್ನೂ ಗಾಡ್ಗೀಳರು ಕಂಡರು. ಬಿದಿರುಮೆಳೆಯ ಬುಡದಲ್ಲಿರುವ ಮುಳ್ಳನ್ನು ತೆಗೆದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆಂದು ಅರಣ್ಯ ಇಲಾಖೆ ಅದನ್ನು ಸವರಿಸುತ್ತಿತ್ತು. ಹಳ್ಳಿಯವರು ಕಡಿಯುವಾಗ ಮುಳ್ಳನ್ನು ಹಾಗೇ ಬಿಡುತ್ತಿದ್ದರು. ಎಳೆ ಕಳಲೆಯನ್ನು ದನದ ಬಾಯಿಂದ ಕಾಯುತ್ತಿದ್ದುದು ಆ ಮುಳ್ಳೇ. ಯಾರಿಗೆ ಗೊತ್ತಿತ್ತು, ಯಾರನ್ನು ಕೇಳಲಿಲ್ಲ ಎಂಬುದಕ್ಕೆ ಇದಕ್ಕಿಂತ ಮೊನಚಾದ ಸಾಕ್ಷಿ ನಾನು ಓದಿಲ್ಲ.

ಇನ್ನು ಒಲೆಗೆ ಬರುತ್ತೇನೆ. ಎಣಿಸುವ ಕೆಲಸದಿಂದಲೇ ಹುಟ್ಟಿದ್ದು ಅಸ್ತ್ರ ಒಲೆ. ಮಣ್ಣಿನಿಂದಲೇ ಕಟ್ಟುವಂಥದ್ದು. ಸಾಲಾಗಿ ಮೂರು ಬಾಯಿ, ಬೆಂಕಿಗೂಡಿಗೆ ಮುಚ್ಚಳ, ಕೆಳಗೆ ಗಾಳಿ ಬರಲು ಜಾಲರಿ, ಕೊನೆಯಲ್ಲಿ ಹೊಗೆ ಕೊಳವೆ. ಹಳೆಯ ಒಲೆಯಲ್ಲಿ ಸೌದೆಯ ಕಾವಿನ ಬಹುಪಾಲು ಪಾತ್ರೆಗೆ ತಗಲದೆಯೇ ಹೋಗುತ್ತಿತ್ತು. ಇದರಲ್ಲಿ ಪ್ರಯೋಗಾಲಯದ ಮಟ್ಟಿಗೆ ಹೆಚ್ಚುಕಡಿಮೆ ನೂರಕ್ಕೆ ನಲವತ್ತು ಪಾಲು ಪಾತ್ರೆ ಸೇರಿತು. ಅದೇ ಕ್ಯಾಂಪಸ್ಸಿನಲ್ಲಿದ್ದ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಂಬತ್ತರ ದಶಕದಲ್ಲಿ ಇದನ್ನು ಜಿಲ್ಲೆಜಿಲ್ಲೆಗೆ ಒಯ್ದಿತು.

ನಮ್ಮ ಅಜ್ಜಿಯ ಮನೆಗೂ ಒಂದು ಬಂತು. ಮೆಚ್ಚಿಕೊಂಡದ್ದು ಹೊಗೆ ಇಲ್ಲದ್ದನ್ನು. ಗೋಡೆಗೆ ಸುಣ್ಣ ಹೊಡೆದರೆ ಮುಂದಿನ ಹಬ್ಬದವರೆಗೂ ಬೆಳ್ಳಗಿರುತ್ತಿತ್ತು, ಊದುಕೊಳವೆ ಮೂಲೆ ಸೇರಿತು. ಗೊಣಗಿದ್ದು ಸೌದೆಯ ವಿಷಯಕ್ಕೆ. ಹಳೆಯ ಒಲೆಗೆ ಉದ್ದನೆಯ ಕೊರಡನ್ನೇ ಇಟ್ಟು ಉರಿದಂತೆ ಒಳಗೆ ನೂಕುತ್ತಾ ಹೋಗಬಹುದಿತ್ತು. ಮುಚ್ಚಳದ ಒಲೆಗೆ ಗೇಣುದ್ದದ ಚಕ್ಕೆಯೇ ಆಗಬೇಕು. ಚಕ್ಕೆ ಸೀಳುವವರು ಯಾರು? ಅಜ್ಜಿಯೇ. ಸೌದೆ ಉಳಿಯಿತು, ಕೊಡಲಿಯ ಕೆಲಸ ಸೇರಿಕೊಂಡಿತು. ಮುದ್ದೆ ತೊಳಸುವಾಗ ಮಡಕೆ ಅಲುಗದಂತೆ ಬಾಯಿ ಗಟ್ಟಿ ಇರಬೇಕೆಂದು ಆಕೆ ಮೊದಲ ಬಾಯಿಯ ಸುತ್ತ ತಾನೇ ಮಣ್ಣು ಮೆತ್ತಿಕೊಂಡಿದ್ದಳು. ಅದರಿಂದ ಗಾಳಿಯ ದಾರಿ ಕೆಟ್ಟು ಕಾವಿನ ಲೆಕ್ಕ ತಪ್ಪಿರಬಹುದು. ಆಕೆಗೆ ಬೇಕಿದ್ದುದು ಮುದ್ದೆ.

ಈಗ ‘ಸುಸ್ಥಿರತೆ’ ಎಂಬ ಪದ ಎಲ್ಲ ಕಡೆ ಕೇಳಿಬರುತ್ತದೆ. ಪಾತ್ರೆ ಕೊಳ್ಳುವಾಗ, ಸೀರೆ ಕೊಳ್ಳುವಾಗ ನಮ್ಮ ಮನೆಗಳಲ್ಲಿ ಕೇಳುವ ಮಾತು ಬೇರೆ: ‘ಬಾಳಿಕೆ ಬರುತ್ತಾ?’ ನನಗೆ ಈ ಪದವೇ ಹೆಚ್ಚು ಇಷ್ಟ. ಅದರಲ್ಲಿ ವಸ್ತುವಿನ ಗಟ್ಟಿತನವಷ್ಟೇ ಇಲ್ಲ, ಅದರ ಜೊತೆ ಬಾಳುವವರೂ ಇದ್ದಾರೆ. ಪುರದ ಕಥೆಯನ್ನು ಈ ಪದ ಹಿಡಿದೇ ನೋಡಬೇಕು.

ಪುರ ಐನೂರು ಜನರೊಳಗಿನ ಊರು, ಇನ್ನೂರೈವತ್ತರ ಆಸುಪಾಸು ದನಗಳು. ಇಡೀ ಊರಿಗೆ ಒಂದೇ ಗೋಬರ್ ಗ್ಯಾಸ್ ಕಟ್ಟಿ ಎಲ್ಲರ ಒಲೆಗೂ ಗ್ಯಾಸ್ ಕೊಡುವುದು ಅಸ್ತ್ರದವರ ಮೊದಲ ಯೋಜನೆ. ಒಂದೊಂದು ಮನೆಗೆ ಒಂದೊಂದು ಸ್ಥಾವರವಾದರೆ ನಾಲ್ಕೈದು ದನ ಇರುವ ಉಳ್ಳವರಿಗೆ ಮಾತ್ರ ಸಾಧ್ಯ. ಇಡೀ ಊರಿಗೆ ಒಂದಾದರೆ ಒಂದೇ ಹಸು ಇರುವವರೂ ಪಾಲುದಾರರು. ಉದ್ದೇಶ ಒಳ್ಳೆಯದೇ, ಅದು ನಡೆಯಲಿಲ್ಲ. ಊರಿನ ಸಗಣಿಯಷ್ಟರಿಂದ ಎಲ್ಲ ಮನೆಯ ಅಡುಗೆಗಾಗುವಷ್ಟು ಗ್ಯಾಸ್ ಬರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಪುಕ್ಕಟೆ ಆಯ್ದು ತರುವ ಸೌದೆಯ ಬದಲಿಗೆ ಗ್ಯಾಸ್ ಬೇಕೆಂದು ಊರು ಕೇಳಿಯೇ ಇರಲಿಲ್ಲ. ನಿಮಗೆ ಬೇಕಾದ್ದೇನು ಎಂದು ಕೇಳಿದಾಗ ಬಂದ ಉತ್ತರ ನೀರು. ಕೊಡ ಹೊರುವವರು ಯಾರೆಂದು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯ ಇರುವುದು ಮುಂದಿನ ಹೆಜ್ಜೆಯಲ್ಲಿ. ಸಂಶೋಧಕರು ಉತ್ತರಕ್ಕೆ ತಕ್ಕಂತೆ ಯಂತ್ರವನ್ನೇ ತಿರುಗಿಸಿದರು. ಗ್ಯಾಸನ್ನು ಒಲೆಗೆ ಕೊಡುವ ಬದಲು ಡೀಸೆಲ್ ಎಂಜಿನ್ನಿಗೆ ಕೊಟ್ಟರು. ಎಂಜಿನ್ ಸುಮಾರು ಐದು ಕಿಲೋವ್ಯಾಟ್ ವಿದ್ಯುತ್ ಕೊಟ್ಟಿತು. ಅದರಿಂದ ಕೊಳವೆಬಾವಿಯ ಪಂಪು ಓಡಿತು, ಬೀದಿಗೆ ನಲ್ಲಿ ಬಂತು, ಮನೆಗಳಿಗೆ ಟ್ಯೂಬ್‌ಲೈಟ್ ಬಂತು. ಇದು 1987. ಅದೇ ವರ್ಷ ಬ್ರುಂಟ್‌ಲ್ಯಾಂಡ್ ಆಯೋಗದ ವರದಿ ಹೊರಬಂದು ‘ಸುಸ್ಥಿರ ಅಭಿವೃದ್ಧಿ’ ಜಗತ್ತಿನ ಬಾಯಿಗೆ ಬಿತ್ತು. ಪುರದ ಹೆಂಗಸರು ಅದನ್ನು ಓದಿರಲಿಕ್ಕಿಲ್ಲ, ಅವರು ನಲ್ಲಿಯ ಮುಂದೆ ನಿಂತಿದ್ದರು.

ವ್ಯವಸ್ಥೆಯ ಚೆಲುವಿದ್ದುದು ಎಂಜಿನ್ನಿನಲ್ಲಲ್ಲ, ಸಗಣಿಯ ಲೆಕ್ಕದಲ್ಲಿ. ಬೆಳಗ್ಗೆ ಮನೆಯವರು ಸಗಣಿ ತಂದು ತೂಕ ಹಾಕಿಸಬೇಕು. ಕಿಲೋಗೆ ಎರಡು ಪೈಸೆ ಅವರ ಲೆಕ್ಕಕ್ಕೆ. ಹೊತ್ತು ತರುವವರು ಹೆಂಗಸರು, ಮಕ್ಕಳಾದ್ದರಿಂದ ಆ ಪೈಸೆ ಅವರ ಕೈಗೇ ಸೇರುವಂತಾಯಿತು. ಗ್ಯಾಸ್ ತೆಗೆದ ಮೇಲೆ ಉಳಿಯುವ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ, ಕೊಟ್ಟಷ್ಟಕ್ಕೆ ತಕ್ಕ ಪಾಲನ್ನು ಅವರವರಿಗೆ ವಾಪಸು ಕೊಡುತ್ತಿದ್ದರು. ತಿಪ್ಪೆಯಲ್ಲಿ ಕೊಳೆತ ಸಗಣಿಗಿಂತ ಇದರಲ್ಲಿ ಸಾರಜನಕ ಹೆಚ್ಚು, ಕಳೆಬೀಜ ಕಡಿಮೆ. ಅಂದರೆ ಊರು ತನ್ನ ಗೊಬ್ಬರದಲ್ಲಿ ಏನನ್ನೂ ಕಳೆದುಕೊಳ್ಳದೆ ನೀರನ್ನೂ ಬೆಳಕನ್ನೂ ಪಡೆಯಿತು. ಯಂತ್ರ ನಡೆಸಿದವರು ಊರಿನ ಹುಡುಗರೇ. ಒಬ್ಬಿಬ್ಬರು ಸಗಣಿ ತರುವುದು ಬಿಟ್ಟರೆ ಗ್ಯಾಸ್ ಕಡಿಮೆ. ಗ್ಯಾಸ್ ಕಡಿಮೆಯಾದರೆ ನಲ್ಲಿ ಒಣಗುತ್ತದೆ, ದೀಪ ಆರುತ್ತದೆ. ಮರುದಿನ ಅಕ್ಕಪಕ್ಕದವರು ಸುಮ್ಮನಿರುವುದಿಲ್ಲ.

ಗ್ಯಾರೆಟ್ ಹಾರ್ಡಿನ್ ಎಂಬ ಜೀವವಿಜ್ಞಾನಿ 1968ರಲ್ಲಿ, ಎಲ್ಲರದೂ ಆದ ಗೋಮಾಳ ಹಾಳಾಗಿಯೇ ತೀರುತ್ತದೆ, ಏಕೆಂದರೆ ಇನ್ನೊಂದು ಹಸು ಬಿಡುವುದರಿಂದ ಒಬ್ಬನಿಗೆ ಲಾಭ, ನಷ್ಟ ಊರಿಗೆಲ್ಲ ಎಂದು ವಾದಿಸಿದ್ದ. ರೆಡ್ಡಿಯವರು ಪುರವನ್ನು ಮುಂದಿಟ್ಟು ಇದನ್ನು ತಲೆಕೆಳಗು ಮಾಡಿದರು. ಇಲ್ಲಿ ಮನೆಯ ಲಾಭವೂ ಊರಿನ ಲಾಭವೂ ಒಂದೇ ದಿಕ್ಕಿಗಿದ್ದವು. ಹಾರ್ಡಿನ್ನನದು ದುರಂತವಾದರೆ ಇದು ವರ ಎಂದರು. ಹಳ್ಳಿಯವರು ಪುಣ್ಯಾತ್ಮರೆಂದು ಇದು ನಡೆಯಲಿಲ್ಲ, ಲೆಕ್ಕ ಕೂಡಿಬಂದದ್ದರಿಂದ ನಡೆಯಿತು.

ಹಾಗಾದರೆ ಬಾಳಿಕೆ ಬಂತೇ? ಪುರದ ದೀಪ ಉರಿದದ್ದು ಹತ್ತು ವರ್ಷಕ್ಕಿಂತ ಕಡಿಮೆ. ತೊಂಬತ್ತರ ದಶಕದ ನಡುವೆ ಎಲ್ಲ ನಿಂತಿತು. ಇದೇ ಮಾದರಿಯನ್ನು ಬೇರೆ ಊರುಗಳಿಗೆ ಒಯ್ಯುವ ಪ್ರಯತ್ನವೂ ಕೈಗೂಡಲಿಲ್ಲ. ನನ್ನ ಓದಿನ ಪ್ರಕಾರ, ಪುರದ ಗಂಟು ಸಡಿಲವಾಗಲು ಕಾರಣ ಅದರ ಒಳಗಿಗಿಂತ ಹೊರಗೆ ಹೆಚ್ಚಿತ್ತು. ಹಳ್ಳಿಯ ಮೊದಲ ಬೇಡಿಕೆ ನೀರು ಎಂದು ಅರಿತವರು ರೆಡ್ಡಿಯವರೊಬ್ಬರೇ ಅಲ್ಲ. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್‌ಸಾಬರು ಊರೂರಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ ‘ನೀರ್‌ಸಾಬ್’ ಆದರು. ಕೈಪಂಪು ಒತ್ತಿದರೆ ನೀರು ಬರುವಾಗ ಸಗಣಿ ತೂಗಿಸಬೇಕಿಲ್ಲ. ಭಾಗ್ಯಜ್ಯೋತಿಯ ಬಲ್ಬು ಉಚಿತವಾಗಿ ಉರಿಯುವಾಗ ಎರಡು ಪೈಸೆಯ ಲೆಕ್ಕ ಬೇಕಿಲ್ಲ. ನಜೀರ್‌ಸಾಬರನ್ನು ದೂರಲು ನಾನು ಸಿದ್ಧನಿಲ್ಲ. ತಲೆಯಿಂದ ಕೊಡ ಇಳಿಸಿದ ಮನುಷ್ಯನನ್ನು ದೂರುವುದು ಹೇಗೆ? ಆದರೆ ನೀರು, ಬೆಳಕು, ಗೊಬ್ಬರ, ನೆರೆಹೊರೆ ನಾಲ್ಕನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದ ಗಂಟು ಬಿಚ್ಚಿಹೋದದ್ದು ನಿಜ. ಆಮೇಲೆ ನಾಲ್ಕೂ ನಾಲ್ಕು ಇಲಾಖೆಗಳಿಂದ ಬರತೊಡಗಿದವು. ಪುರದ ನೀರೂ ಕೊಳವೆಬಾವಿಯದೇ ಎಂಬುದನ್ನು ಮರೆಯಬಾರದು. ಸ್ಥಾವರ ಉಳಿದಿದ್ದರೂ ಮುಂದೆ ಕುಣಿಗಲ್ ಸೀಮೆಯ ಅಂತರ್ಜಲ ಕೇಳುವ ಪ್ರಶ್ನೆಯಿಂದ ಅದು ತಪ್ಪಿಸಿಕೊಳ್ಳುತ್ತಿರಲಿಲ್ಲ.

ರೆಡ್ಡಿಯವರು 2004ರಲ್ಲಿ, ತೀರಿಕೊಳ್ಳುವ ಎರಡು ವರ್ಷ ಮೊದಲು, ಪುರದಿಂದ ಕಲಿತ ಪಾಠಗಳ ಬಗ್ಗೆ ದೀರ್ಘ ಪ್ರಬಂಧ ಬರೆದರು. ನಿಂತುಹೋದ ಪ್ರಯೋಗದ ಬಗ್ಗೆ ಬರೆಯುವ ವಿಜ್ಞಾನಿಗಳು ಕಡಿಮೆ. ಅಸ್ತ್ರ ಘಟಕ ಈಗ ‘ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ’ವಾಗಿದೆ. ಅಲ್ಲಿ ಒಳ್ಳೆಯ ಕೆಲಸ ನಡೆಯುತ್ತಿದೆ, ಹೆಸರಿನಲ್ಲಿ ಹಳ್ಳಿ ಮಾತ್ರ ಇಲ್ಲ.

ಪುರದ ಲೆಕ್ಕವನ್ನು ಓದಿದ ಮೇಲೆ ನನ್ನ ಬೀದಿಯ ಮೋರಿಯನ್ನೂ ಬೇರೆ ಕಣ್ಣಿನಿಂದ ನೋಡುವಂತಾಯಿತು. ಮತ್ತಿಕೆರೆ ಕಡೆಗೆ ಇಳಿಯುವ ನಮ್ಮ ಬಚ್ಚಲ ನೀರು ರಾಜಕಾಲುವೆ ಸೇರಿ ಹೆಬ್ಬಾಳದ ಕಣಿವೆಗೆ ಹೋಗುತ್ತದೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಹೀಗೆ ಬಂದ ನೀರನ್ನು ಸಂಸ್ಕರಿಸಿ ದಿನಕ್ಕೆ 21 ಕೋಟಿ ಲೀಟರಿನಷ್ಟನ್ನು ಚಿಕ್ಕಬಳ್ಳಾಪುರ ಮತ್ತು ಸುತ್ತಲಿನ 65 ಕೆರೆಗಳಿಗೆ ಏರಿಸುವ ಗುರಿಯಿದೆ. ಕಾವೇರಿಯಿಂದ ಬಂದು ನಮ್ಮ ಪಾತ್ರೆ ತೊಳೆದ ನೀರು ಬಯಲುಸೀಮೆಯ ಕೆರೆ ತುಂಬುತ್ತದೆ. ಪಡೆದದ್ದನ್ನು ಹಿಂದಕ್ಕೆ ಕೊಡುವ ಆಲೋಚನೆ ಪುರದ ಬಗ್ಗಡದಂಥದೇ. ಅಳತೆಯಲ್ಲಿ ಅದಕ್ಕಿಂತ ಸಾವಿರಾರು ಪಟ್ಟು ದೊಡ್ಡದು. ನೀರು ಎರಡು ಹಂತ ಶುದ್ಧವಾಗಿ ಹೋಗುತ್ತದೆ. ಮೂರನೆಯ ಹಂತವೂ ಆಗಲೇಬೇಕೆಂದು ಅಲ್ಲಿನ ನೀರಾವರಿ ಹೋರಾಟಗಾರರು ವರ್ಷಗಳಿಂದ ಕೇಳುತ್ತಿದ್ದಾರೆ. ಆ ಕೆರೆಗಳಿಂದ ಊರಿನ ಕೊಳವೆಬಾವಿಗಳಿಗೆ ಇಂಗುವ ನೀರನ್ನು ಕುಡಿಯುವವರು ಅವರು.